ಹೆಸರಾಂತ ವಿಶ್ವವಿದ್ಯಾಲಯವೋ, ಪೂರ್ಣ ಧನಸಹಾಯವೋ? ಏಪ್ರಿಲ್ 15ರೊಳಗೆ ಉತ್ತರ ಕೊಡಬೇಕಾಗಿದೆ

ಡೊಂಬಿವಲಿ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮುಂಬೈಯ ಒಂದು ವಿಮಾ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಿಗೆ ಪಿಎಚ್.ಡಿ.ಗಾಗಿ ಅರ್ಜಿ ಹಾಕಿದ್ದೆ. ಈಗ ಕೈಯಲ್ಲಿ ಎರಡು ಪತ್ರಗಳಿವೆ.

ಮೊದಲನೆಯದು ಪೂರ್ವ ಕರಾವಳಿಯ ಖಾಸಗಿ ವಿಶ್ವವಿದ್ಯಾಲಯದ್ದು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆದರೆ ಹೇಳಿದರೆ ಯಾರೂ ‘ಅದೆಲ್ಲಿದೆ’ ಎಂದು ಕೇಳುವುದಿಲ್ಲ. ಪಿಎಚ್.ಡಿ.ಗೆ ಈ ವರ್ಷ ಸ್ಥಾನ ಕೊಡಲು ಆಗುತ್ತಿಲ್ಲವೆಂದೂ, ನನ್ನ ಅರ್ಜಿಯನ್ನು ಮೂರು ಸೆಮಿಸ್ಟರುಗಳ ಎಂ.ಎಸ್.ಗೆ ಪರಿಗಣಿಸಿ ಪ್ರವೇಶ ನೀಡಿದ್ದೇವೆಂದೂ ಅವರು ಬರೆದಿದ್ದಾರೆ. ಧನಸಹಾಯ ಏನೂ ಇಲ್ಲ. ಶುಲ್ಕ, ವಸತಿ, ಊಟ ಎಲ್ಲ ಸೇರಿ ಒಂದು ಲಕ್ಷ ಡಾಲರಿನ ಹತ್ತಿರ ಹೋಗುತ್ತದೆ. ಎರಡನೆಯದು ಮಧ್ಯಪಶ್ಚಿಮದ ಒಂದು ರಾಜ್ಯ ವಿಶ್ವವಿದ್ಯಾಲಯದ್ದು. ಅಲ್ಲಿ ನೇರವಾಗಿ ಪಿಎಚ್.ಡಿ., ಬೋಧನಾ ಶುಲ್ಕ ಪೂರ್ತಿ ಮನ್ನಾ, ಆರೋಗ್ಯ ವಿಮೆ, ಟೀಚಿಂಗ್ ಅಸಿಸ್ಟೆಂಟ್ ಆಗಿ ವರ್ಷಕ್ಕೆ 26,000 ಡಾಲರ್ ಸ್ಟೈಪೆಂಡ್.

ಅಪ್ಪ ಹೋಟೆಲಿನಲ್ಲಿ ದುಡಿಯುತ್ತಾ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು, ಈಗ ಒಂದು ಕಾರ್ಖಾನೆಯ ಕ್ಯಾಂಟೀನು ನಡೆಸುತ್ತಾರೆ. ‘ಅಷ್ಟು ದೊಡ್ಡ ಜಾಗದಿಂದ ಕರೆ ಬಂದಿದೆ, ಮನೆಯನ್ನು ಅಡವಿಟ್ಟಾದರೂ ಕಳಿಸುತ್ತೇನೆ’ ಎನ್ನುತ್ತಾರೆ. ಸೋದರಮಾವನೂ ಹೆಸರಿನ ಪಕ್ಷದವರೇ. ನನಗೆ ನಿದ್ದೆ ಬರುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಮುಲುಂಡ್ ನಿವೃತ್ತ ಬ್ಯಾಂಕಿನವರು

ಮಗಳೇ, ನಾನು ಜೀವಮಾನವೆಲ್ಲ ಸಾಲದ ಕಡತಗಳ ನಡುವೆ ಕಳೆದವನು. ಆದ್ದರಿಂದ ಮೊದಲು ಲೆಕ್ಕ ಹೇಳಿಬಿಡುತ್ತೇನೆ. ತಂದೆಯವರು 60 ಲಕ್ಷ ಸಾಲ ತೆಗೆದು ಉಳಿದದ್ದನ್ನು ಕೈಯಿಂದ ಹಾಕುತ್ತಾರೆಂದು ಇಟ್ಟುಕೊಳ್ಳೋಣ. ಬಡ್ಡಿ ಶೇ. 10.5 ಎಂದು ಹಿಡಿಯಿರಿ. ಬ್ಯಾಂಕು ಮೂರು ಸೆಮಿಸ್ಟರಿಗೆ ಮೂರು ಕಂತಿನಲ್ಲಿ 20 ಲಕ್ಷದಂತೆ ಬಿಡುಗಡೆ ಮಾಡುತ್ತದೆ. ಓದಿನ ಒಂದೂವರೆ ವರ್ಷ, ಅದರ ಮೇಲೆ ಒಂದು ವರ್ಷ ಮರುಪಾವತಿಗೆ ವಿರಾಮ. ವಿರಾಮವೆಂದರೆ ಬಡ್ಡಿಗೆ ವಿರಾಮವಲ್ಲ ಎಂಬುದನ್ನು ಬಹಳ ಜನ ತಡವಾಗಿ ತಿಳಿಯುತ್ತಾರೆ. ಆ ಅವಧಿಯಲ್ಲೇ ಸುಮಾರು 12.6 ಲಕ್ಷ ಸರಳ ಬಡ್ಡಿ ಸೇರಿ ಸಾಲ 72.6 ಲಕ್ಷವಾಗುತ್ತದೆ. ಹತ್ತು ವರ್ಷದ ಅವಧಿಗೆ ಇಎಂಐ ತಿಂಗಳಿಗೆ ಸುಮಾರು 98,000 ರೂಪಾಯಿ.

ಅಮೆರಿಕದಲ್ಲಿ ಕೆಲಸ ಸಿಕ್ಕರೆ ಇದು ದೊಡ್ಡ ಮೊತ್ತವಲ್ಲ. ಮುಂಬೈಗೆ ಮರಳಿ ಬಂದು ಮುಂಬೈಯ ಸಂಬಳದಲ್ಲಿ ಕಟ್ಟಬೇಕಾಗಿ ಬಂದರೆ? ಆ ಒಂದು ಪ್ರಶ್ನೆಗೆ ತಂದೆಯವರೊಡನೆ ಕುಳಿತು ಉತ್ತರ ಬರೆಯಿರಿ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 7.5 ಲಕ್ಷಕ್ಕಿಂತ ಹೆಚ್ಚಿನ ಸಾಲಕ್ಕೆ ಆಸ್ತಿಯ ಭದ್ರತೆ ಕೇಳುತ್ತಾರೆ, ಅಂದರೆ ಅಡವಾಗುವುದು ನೀವು ಈಗ ಮಲಗುವ ಮನೆಯೇ. ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಇದೆ ಎಂದು ಏಜೆಂಟರು ಹೇಳುತ್ತಾರೆ. ಅದು ಎಂಟು ವರ್ಷಕ್ಕೆ ಮಾತ್ರ, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ.

ಅಂಧೇರಿ ಕನ್ಸಲ್ಟೆಂಟ್

ರಾಯರು ಹೇಳಿದ ಲೆಕ್ಕ ಸರಿಯಾಗಿದೆ, ಆದರೆ ಅದು ಖರ್ಚಿನ ಕಡೆಯ ಲೆಕ್ಕ ಮಾತ್ರ. ಆದಾಯದ ಕಡೆಯದನ್ನು ಯಾರು ಹಾಕುತ್ತಾರೆ? ನಾನು ನೇಮಕಾತಿಯ ಮೇಜಿನ ಈಚೆ ಕಡೆ ಕುಳಿತವನು. ನೂರಾರು ಅರ್ಜಿಗಳು ಬಂದಾಗ ಮೊದಲ ಜಾಲರಿ ವಿಶ್ವವಿದ್ಯಾಲಯದ ಹೆಸರೇ ಎಂಬುದನ್ನು ಒಪ್ಪಿಕೊಳ್ಳಲು ನಮಗೆಲ್ಲ ಸಂಕೋಚವಾಗುತ್ತದೆ, ಆದರೆ ನಡೆಯುವುದು ಹಾಗೆಯೇ. ನ್ಯೂಯಾರ್ಕಿನ ಹಣಕಾಸು ಕಂಪನಿಗಳು ಕ್ಯಾಂಪಸ್ಸಿಗೆ ತಾವಾಗಿ ಬರುವ ಜಾಗಗಳು ಬೆರಳೆಣಿಕೆಯಷ್ಟು. ಮೂರು ಸೆಮಿಸ್ಟರಿನಲ್ಲಿ ಓದು ಮುಗಿದು ಕೆಲಸ ಆರಂಭವಾದರೆ, ಮಧ್ಯಪಶ್ಚಿಮದ ಪಿಎಚ್.ಡಿ. ಮುಗಿಯುವ ಹೊತ್ತಿಗೆ ನಿಮ್ಮ ಸಾಲವೇ ತೀರಿರಬಹುದು. ಐದು ವರ್ಷದ ಕಳೆದುಹೋದ ಸಂಬಳವೂ ಒಂದು ಖರ್ಚೇ ಅಲ್ಲವೇ?

ಪಾಷಾಣ್ ಸಂಶೋಧಕಿ

ತಂಗೀ, ಪತ್ರವನ್ನು ಇನ್ನೊಮ್ಮೆ ಓದಿಕೊಳ್ಳಿ. ನೀವು ಅರ್ಜಿ ಹಾಕಿದ್ದು ಪಿಎಚ್.ಡಿ.ಗೆ. ಅವರು ಪಿಎಚ್.ಡಿ. ನಿರಾಕರಿಸಿ, ಶುಲ್ಕ ಕಟ್ಟುವ ಎಂ.ಎಸ್. ವಿದ್ಯಾರ್ಥಿನಿಯಾಗಿ ಬರಲು ಕರೆದಿದ್ದಾರೆ. ಇದು ಅಮೆರಿಕದಲ್ಲಿ ತೀರ ಸಾಮಾನ್ಯವಾದ ಪದ್ಧತಿ. ಪಿಎಚ್.ಡಿ. ವಿದ್ಯಾರ್ಥಿಗೆ ವಿಭಾಗವು ಹಣ ಕೊಡುತ್ತದೆ, ಎಂ.ಎಸ್. ವಿದ್ಯಾರ್ಥಿ ವಿಭಾಗಕ್ಕೆ ಹಣ ಕೊಡುತ್ತಾನೆ. ಅದೇ ವಿಶ್ವವಿದ್ಯಾಲಯದ ಪಿಎಚ್.ಡಿ. ಪತ್ರಕ್ಕೂ ಎಂ.ಎಸ್. ಪತ್ರಕ್ಕೂ ತಲೆಬರಹದಲ್ಲಿ ಒಂದೇ ಲಾಂಛನ ಇದ್ದ ಮಾತ್ರಕ್ಕೆ ಎರಡೂ ಒಂದೇ ಗೌರವವಾಗುವುದಿಲ್ಲ.

ಹಾಗೆಂದು ಆ ಎಂ.ಎಸ್. ಕಳಪೆ ಎಂದು ನಾನು ಹೇಳುತ್ತಿಲ್ಲ, ಪಾಠ ಚೆನ್ನಾಗಿಯೇ ಇರುತ್ತದೆ. ಆದರೆ ನಿಮ್ಮಲ್ಲಿ ಈಗಾಗಲೇ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಇದೆ. ಎರಡನೆಯ ಸ್ನಾತಕೋತ್ತರ ಪದವಿಗೆ 85 ಲಕ್ಷಕ್ಕೂ ಮೇಲೆ ಕೊಟ್ಟು, ಅನಂತರ ಅದೇ ವಿಭಾಗಕ್ಕೆ ಮತ್ತೆ ಪಿಎಚ್.ಡಿ. ಅರ್ಜಿ ಹಾಕಿದರೂ ಪ್ರವೇಶದ ಖಾತರಿ ಇರುವುದಿಲ್ಲ. ನಿಮಗೆ ಬೇಕಿರುವುದು ಸಂಶೋಧನೆಯೋ ಕೆಲಸವೋ ಎಂಬುದನ್ನು ನೀವು ಬರೆದಿಲ್ಲ. ಅದನ್ನು ಹೇಳದೆ ಇಲ್ಲಿ ಯಾರು ಏನು ಹೇಳಿದರೂ ಅಂದಾಜಿನ ಮಾತೇ ಆಗುತ್ತದೆ.

ಡೊಂಬಿವಲಿ ಹುಡುಗಿ

ಅಕ್ಕ, ಈ ದೃಷ್ಟಿಯಿಂದ ನಾನು ನೋಡಿಯೇ ಇರಲಿಲ್ಲ. ನನಗೆ ಬೇಕಿರುವುದು ಸಂಶೋಧನೆ. ವಿಮಾ ಕಂಪನಿಯಲ್ಲಿ ಪ್ರತಿದಿನ ಅದೇ ಮಾದರಿಗೆ ಹೊಸ ಅಂಕಿಗಳನ್ನು ತುಂಬಿ ಸಾಕಾಗಿದೆ. ಮುಂದೆ ಪಾಠ ಮಾಡುವ ಆಸೆಯೂ ಇದೆ.

ಅಂಧೇರಿ ಕನ್ಸಲ್ಟೆಂಟ್

ಪಾಠ ಮಾಡುವ ಆಸೆ ಇದ್ದರೆ ಹೆಸರು ಇನ್ನೂ ಹೆಚ್ಚು ಮುಖ್ಯವಾಗುತ್ತದೆ. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಮೆರಿಕದ ಪ್ರಾಧ್ಯಾಪಕ ನೇಮಕಾತಿಯ ದೊಡ್ಡ ಅಧ್ಯಯನವೊಂದು ಬಂದಿದೆ. ಅಮೆರಿಕದಲ್ಲೇ ಪಿಎಚ್.ಡಿ. ಪಡೆದ ಪ್ರಾಧ್ಯಾಪಕರಲ್ಲಿ ಶೇ. 80ರಷ್ಟು ಮಂದಿ ಕೇವಲ ಶೇ. 20ರಷ್ಟು ವಿಶ್ವವಿದ್ಯಾಲಯಗಳಿಂದ ಬಂದವರು. ಎಂಟು ಮಂದಿಯಲ್ಲಿ ಒಬ್ಬರು ಬರೀ ಐದು ವಿಶ್ವವಿದ್ಯಾಲಯಗಳ ಪದವೀಧರರು. ಹೆಸರಿಗೆ ಬೆಲೆಯಿಲ್ಲ ಎನ್ನುವವರು ಇದಕ್ಕೆ ಉತ್ತರ ಕೊಡಲಿ.

ಪಾಷಾಣ್ ಸಂಶೋಧಕಿ

ಉತ್ತರ ಆ ಅಧ್ಯಯನದಲ್ಲೇ ಇದೆ, ಸರ್. ಆ ಐದು ಯಾವುವು ಎಂಬುದನ್ನು ನೀವು ಬರೆಯಲಿಲ್ಲ: ಬರ್ಕ್‌ಲಿ, ಹಾರ್ವರ್ಡ್, ಮಿಷಿಗನ್, ವಿಸ್ಕಾನ್ಸಿನ್–ಮ್ಯಾಡಿಸನ್, ಸ್ಟ್ಯಾನ್‌ಫರ್ಡ್. ಇವುಗಳಲ್ಲಿ ಮೂರು ರಾಜ್ಯ ವಿಶ್ವವಿದ್ಯಾಲಯಗಳು, ಎರಡು ಮಧ್ಯಪಶ್ಚಿಮದವು. ಇನ್ನೊಂದು ಮಾತು, ಅಲ್ಲಿ ಎಣಿಸಿರುವುದು ಪಿಎಚ್.ಡಿ. ಎಲ್ಲಿ ಆಯಿತು ಎಂಬುದನ್ನು. ಪ್ರಸಿದ್ಧ ಜಾಗದ ಎಂ.ಎಸ್. ಆ ಎಣಿಕೆಯಲ್ಲಿ ಬರುವುದೇ ಇಲ್ಲ. ಹೆಸರಿಗೆ ಬೆಲೆ ಇದೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ. ಈ ಪತ್ರದಲ್ಲಿ ಆ ಹೆಸರು ಸಿಗುತ್ತಿಲ್ಲ ಎಂಬುದಷ್ಟೇ ನನ್ನ ವಾದ.

ಮೀರಾ ರೋಡ್ ಓದುಗ

ಇಬ್ಬರೂ ಒಂದೇ ಲೇಖನವನ್ನು ಹಿಡಿದು ಎರಡು ಕಡೆಗೆ ಎಳೆಯುತ್ತಿರುವುದನ್ನು ನೋಡಲು ಬಹಳ ಚೆನ್ನಾಗಿದೆ, ಮುಂದುವರಿಸಿ.

ಕೋಥ್ರೂಡ್ ಇಂಜಿನಿಯರ್

ಹೆಸರಿನಿಂದ ಸಂಬಳ ಹೆಚ್ಚುವುದಿಲ್ಲ ಎಂದು ಅರ್ಥಶಾಸ್ತ್ರಜ್ಞರಾದ ಡೇಲ್ ಮತ್ತು ಕ್ರೂಗರ್ 2002ರಲ್ಲೇ ತೋರಿಸಿದ್ದಾರೆ. ಪ್ರಸಿದ್ಧ ಕಾಲೇಜಿನಲ್ಲಿ ಸ್ಥಾನ ಸಿಕ್ಕರೂ ಸಾಧಾರಣ ಕಾಲೇಜಿಗೆ ಹೋದವರು ಹೆಚ್ಚುಕಡಿಮೆ ಅಷ್ಟೇ ಸಂಪಾದಿಸಿದರು. ಸಾಮರ್ಥ್ಯ ಇರುವುದು ವಿದ್ಯಾರ್ಥಿಯಲ್ಲಿ, ಕಟ್ಟಡದಲ್ಲಲ್ಲ. ವಿಷಯ ಇಲ್ಲಿಗೆ ಮುಗಿಯಿತು.

ಪಾಷಾಣ್ ಸಂಶೋಧಕಿ

ಮುಗಿಯಲಿಲ್ಲ. ಅದು ಪದವಿಪೂರ್ವ ಶಾಲೆ ಮುಗಿಸಿ ಮೊದಲ ಪದವಿಗೆ ಸೇರಿದವರ ಅಧ್ಯಯನ, ಪಿಎಚ್.ಡಿ.ಯದ್ದಲ್ಲ. ಅದರಲ್ಲೂ ಬಡ ಕುಟುಂಬಗಳಿಂದ ಬಂದವರಿಗೆ ಪ್ರಸಿದ್ಧ ಕಾಲೇಜಿನಿಂದ ಲಾಭವಾಗಿದೆ ಎಂದೇ ಅವರು ಬರೆದಿದ್ದಾರೆ. ನಮ್ಮ ಪಕ್ಷಕ್ಕೆ ಅನುಕೂಲವಾಗಿದೆ ಎಂದು ತಪ್ಪು ಸಾಕ್ಷಿಯನ್ನು ಕರೆಯುವುದು ಬೇಡ.

ವಾಸ್ಕೊದಿಂದ

ಗೋವಾದ ಕನ್ನಡಿಗನ ನಮಸ್ಕಾರ. ನನ್ನದು ಸಮುದ್ರ ವಿಜ್ಞಾನ, ದೋನಾ ಪೌಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಜೆಕ್ಟ್ ಕೆಲಸ ಮಾಡಿ ಅಲ್ಲಿಂದ ನಾರ್ವೆಗೆ ಹೋದವನು. ಆ ವಿಶ್ವವಿದ್ಯಾಲಯದ ಹೆಸರು ಹೇಳಿದರೆ ನಮ್ಮ ಮನೆಯಲ್ಲಿ ಇಂದಿಗೂ ಸರಿಯಾಗಿ ಉಚ್ಚರಿಸುವವರಿಲ್ಲ. ಆದರೆ ಸಮುದ್ರದ ಪ್ರವಾಹಗಳ ಮೇಲೆ ಕೆಲಸ ಮಾಡುವವರಲ್ಲಿ ಆ ಗುಂಪನ್ನು ತಿಳಿಯದವರಿಲ್ಲ. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ನೆದರ್ಲೆಂಡ್ಸ್‌ಗಳಲ್ಲಿ ಸಾಮಾನ್ಯವಾಗಿ ಪಿಎಚ್.ಡಿ. ಎಂದರೆ ನೌಕರಿ. ಸಂಬಳ, ರಜೆ, ಒಪ್ಪಂದ ಎಲ್ಲವೂ ಉಂಟು. ಅಮೆರಿಕದವರು ಸಹಾಯವೆಂದು ಕೊಡುವುದನ್ನು ಅಲ್ಲಿ ವೇತನವೆಂದೇ ಕೊಡುತ್ತಾರೆ.

ಹೆಸರಿನಲ್ಲಿ ಎರಡು ಬಗೆ. ಒಂದು ಬೀದಿಯಲ್ಲಿ ಗೊತ್ತಿರುವ ಹೆಸರು, ಇನ್ನೊಂದು ಆ ವಿಷಯದವರಿಗೆ ಗೊತ್ತಿರುವ ಹೆಸರು. ನೀವು ಸೇರಲಿರುವ ವಿಭಾಗದಿಂದ ಕಳೆದ ಕೆಲವು ವರ್ಷಗಳಲ್ಲಿ ಪಿಎಚ್.ಡಿ. ಮುಗಿಸಿದವರು ಈಗ ಎಲ್ಲಿದ್ದಾರೆ ಎಂದು ಅವರ ಜಾಲತಾಣದಲ್ಲೇ ನೋಡಿ. ಅದಿಲ್ಲದಿದ್ದರೆ ಬರೆದು ಕೇಳಿ. ಒಳ್ಳೆಯ ವಿಭಾಗ ಅದನ್ನು ಹೆಮ್ಮೆಯಿಂದ ಕಳಿಸುತ್ತದೆ.

ಮಾಟುಂಗದ ಮೇಷ್ಟ್ರು

ವಾಸ್ಕೊದವರ ಮಾತಿಗೆ ಒಂದು ಸೇರ್ಪಡೆ. ಮಧ್ಯಪಶ್ಚಿಮ ಎಂದು ಮೂಗು ಮುರಿಯುವವರು ತಿಳಿಯಬೇಕಾದದ್ದು: ಅಮೆರಿಕದಲ್ಲಿ ಈ ಬಗೆಯ ಮೊದಲ ಸಂಖ್ಯಾಶಾಸ್ತ್ರ ಪ್ರಯೋಗಾಲಯ 1933ರಲ್ಲಿ ಹುಟ್ಟಿದ್ದು ಅಯೋವಾ ಸ್ಟೇಟ್‌ನಲ್ಲಿ, ಮೆಕ್ಕೆಜೋಳದ ಹೊಲಗಳ ನಡುವೆ. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು ಅಮೆರಿಕಕ್ಕೆ ಹೋದ ಮೇಲೆ ಬಹುಕಾಲ ಇದ್ದದ್ದು ಪೆನ್ ಸ್ಟೇಟ್‌ನಲ್ಲಿ, ಅದೂ ರಾಜ್ಯ ವಿಶ್ವವಿದ್ಯಾಲಯವೇ.

ಈ ಚರ್ಚೆ ಓದುವಾಗ ನನಗೆ ಬಾಬಾಸಾಹೇಬ ಅಂಬೇಡ್ಕರರ ನೆನಪಾಯಿತು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದ ಅವರು 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷಕ್ಕೆ. 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಆದರೆ ವೇತನದ ಅವಧಿ ಮುಗಿದದ್ದರಿಂದ 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ಉಳಿಸಿದ ಹಣ, ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಇವೆಲ್ಲ ಕೂಡಿದ ಮೇಲೆ 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ, 1923ರಲ್ಲಿ ಡಿ.ಎಸ್ಸಿ. ಪಡೆದರು. ಅಂಥ ಪ್ರತಿಭೆಗೂ ಹಣ ನಿಂತಾಗ ಓದು ನಿಂತಿತು.

ಅಂಧೇರಿ ಕನ್ಸಲ್ಟೆಂಟ್

ಮೇಷ್ಟ್ರೇ, ನೀವು ಕೊಟ್ಟ ಉದಾಹರಣೆ ನನ್ನ ಪಕ್ಷದ್ದು. ಅವರು ಸಾಲ ಮಾಡಿ ಲಂಡನ್ನಿಗೇ ಮರಳಿದರಲ್ಲವೇ? ಅಗ್ಗದ ಜಾಗವೊಂದರಲ್ಲಿ ಓದು ಮುಗಿಸಲಿಲ್ಲ.

ಮಾಟುಂಗದ ಮೇಷ್ಟ್ರು

ಮರಳಿದ್ದು ಹೌದು, ಆದರೆ ಮೂರು ವರ್ಷ ಕಳೆದ ಮೇಲೆ, ಸ್ವಂತ ಸಂಬಳದಲ್ಲಿ ಉಳಿಸಿಕೊಂಡು. ತಂದೆಯ ಮನೆಯನ್ನು ಅಡವಿಟ್ಟು ಅಲ್ಲ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಬರೋಡಾದ ವೇತನಕ್ಕೆ ಪ್ರತಿಯಾಗಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿತ್ತು, ಆ ಸೇವೆಗೆ ಹೋದಾಗ ಬರೋಡಾದಲ್ಲಿ ಅವರಿಗೆ ತಂಗಲು ಒಂದು ಜಾಗವನ್ನೂ ಜನ ಉಳಿಸಲಿಲ್ಲ. ಧನಸಹಾಯ ಎಂದರೆ ಕರಾರಿಲ್ಲದ ದಾನವಲ್ಲ. ಆದ್ದರಿಂದ ಈ ಹುಡುಗಿ ತನ್ನ ಪತ್ರದ ಷರತ್ತುಗಳನ್ನು ಅಕ್ಷರ ಅಕ್ಷರ ಓದಬೇಕು.

ಠಾಣೆ ಅಮ್ಮ

ಎಲ್ಲರೂ ಹಣದ ಮಾತೇ ಆಡುತ್ತಿದ್ದೀರಿ. ಪಿಎಚ್.ಡಿ. ಎಂದರೆ ಐದು ವರ್ಷ, ಕೆಲವೊಮ್ಮೆ ಆರು. ಹುಡುಗಿಯ ವಯಸ್ಸು, ಮದುವೆ, ಇವುಗಳನ್ನು ಯಾರೂ ಕೇಳಲಿಲ್ಲ. ನನ್ನ ಮಗಳೂ ಹೊರಗೆ ಓದಿದವಳೇ, ವಿರೋಧಿಯೆಂದು ತಿಳಿಯಬೇಡಿ. ಹೆತ್ತವರ ಮನಸ್ಸಿನಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ.

ಡೊಂಬಿವಲಿ ಹುಡುಗಿ

ನಮ್ಮ ಮನೆಯಲ್ಲಿ ಬಾಯಿ ಬಿಟ್ಟೇ ಹೇಳಿದ್ದಾರೆ, ಆಂಟಿ. ಎಂ.ಎಸ್. ಬೇಗ ಮುಗಿಯುತ್ತದೆ ಎಂಬುದು ಅಮ್ಮನ ಒಲವಿಗೆ ಮುಖ್ಯ ಕಾರಣ.

ಪಾಷಾಣ್ ಸಂಶೋಧಕಿ

72 ಲಕ್ಷದ ಸಾಲ ಹೊತ್ತು ಬಂದ ಹುಡುಗಿಗೆ ಸಂಬಂಧ ನೋಡುವಾಗ ಆ ಸಾಲದ ಮಾತೂ ಬರುತ್ತದೆ ಎಂಬುದನ್ನು ಅಮ್ಮನಿಗೆ ತಿಳಿಸಿ.

ಚೆಂಬೂರಿಗೆ ಮರಳಿದವನು

ಮಧ್ಯಪಶ್ಚಿಮದಲ್ಲೇ ಪಿಎಚ್.ಡಿ. ಮಾಡಿ ಮರಳಿದವನು ನಾನು. ‘ಪೂರ್ಣ ಧನಸಹಾಯ’ ಎಂಬ ಮಾತಿನೊಳಗೆ ಏನೇನಿದೆ ಎಂಬುದನ್ನು ಇಲ್ಲಿ ಇನ್ನೂ ಯಾರೂ ಬಿಡಿಸಿ ಹೇಳಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಟೀಚಿಂಗ್ ಅಸಿಸ್ಟೆಂಟ್ ನೇಮಕ ಬಹಳ ಕಡೆ ಶೈಕ್ಷಣಿಕ ವರ್ಷಕ್ಕೆ ಮಾತ್ರ, ಅಂದರೆ ಒಂಬತ್ತು ತಿಂಗಳಿಗೆ. ಬೇಸಗೆಯ ಮೂರು ತಿಂಗಳು ಬಾಡಿಗೆ ಕಟ್ಟುವುದು ಹೇಗೆ? 26,000 ಡಾಲರನ್ನು ಒಂಬತ್ತರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 2,890, ಹನ್ನೆರಡರಿಂದ ಭಾಗಿಸಿದರೆ 2,170ರ ಆಸುಪಾಸು. ಎರಡಕ್ಕೂ ಬಹಳ ಅಂತರವಿದೆ. ಆಮೇಲೆ, ಬೋಧನಾ ಶುಲ್ಕ ಮನ್ನಾ ಎಂದಾಗ ಇತರ ಶುಲ್ಕಗಳು, ಅಂದರೆ ಗ್ರಂಥಾಲಯ, ತಂತ್ರಜ್ಞಾನ, ವಿದೇಶಿ ವಿದ್ಯಾರ್ಥಿ ಶುಲ್ಕ ಇತ್ಯಾದಿಗಳು ಮನ್ನಾ ಆಗುವುದಿಲ್ಲ. ಅವು ಸೆಮಿಸ್ಟರಿಗೆ ಸಾವಿರ ಡಾಲರ್ ದಾಟುವುದುಂಟು. ವಿಮೆಯ ಕಂತನ್ನು ಪೂರ್ತಿ ಕಟ್ಟುತ್ತಾರೋ ಒಂದು ಪಾಲು ಮಾತ್ರವೋ ಎಂಬುದನ್ನೂ ಕೇಳಬೇಕು.

ಮುಖ್ಯವಾದ ಪ್ರಶ್ನೆ ಎಷ್ಟು ವರ್ಷದ ಖಾತರಿ ಎಂಬುದು. ಕೆಲವರು ಐದು ವರ್ಷವೆಂದು ಸ್ಪಷ್ಟವಾಗಿ ಬರೆಯುತ್ತಾರೆ. ಕೆಲವರು ‘ಪ್ರಗತಿ ತೃಪ್ತಿಕರವಾಗಿದ್ದು, ನಿಧಿ ಲಭ್ಯವಿದ್ದರೆ ಮುಂದುವರಿಸಲಾಗುವುದು’ ಎಂದು ಬರೆಯುತ್ತಾರೆ. ಆ ‘ನಿಧಿ ಲಭ್ಯವಿದ್ದರೆ’ ಎಂಬ ಮಾತು ಮೊದಲು ಬರೀ ಶಿಷ್ಟಾಚಾರವಾಗಿತ್ತು. 2025ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಸಂಶೋಧನಾ ಅನುದಾನಗಳಿಗೆ ಕತ್ತರಿ ಹಾಕಿದಾಗ ಹಲವು ವಿಶ್ವವಿದ್ಯಾಲಯಗಳು ಪಿಎಚ್.ಡಿ. ಪ್ರವೇಶವನ್ನೇ ಕಡಿಮೆ ಮಾಡಿದವು, ಕೊಟ್ಟ ಪತ್ರವನ್ನು ಹಿಂಪಡೆದ ಪ್ರಸಂಗಗಳೂ ನಡೆದವು. ಸಂಖ್ಯಾಶಾಸ್ತ್ರದ ವಿಭಾಗಕ್ಕೆ ಒಂದು ಅನುಕೂಲವಿದೆ. ಪದವಿ ವಿದ್ಯಾರ್ಥಿಗಳು ಸಾವಿರ ಸಂಖ್ಯೆಯಲ್ಲಿ ಪ್ರಾಥಮಿಕ ಸಂಖ್ಯಾಶಾಸ್ತ್ರ ಓದಬೇಕಾಗಿರುವುದರಿಂದ ಅದನ್ನು ಕಲಿಸುವವರು ಯಾವಾಗಲೂ ಬೇಕು. ಹಾಗಾಗಿ ಬೋಧನೆಯಿಂದ ಬರುವ ಹಣ, ಗೈಡಿನ ಅನುದಾನದಿಂದ ಬರುವ ಹಣಕ್ಕಿಂತ ಹೆಚ್ಚು ಭದ್ರ. ನನ್ನ ಜೊತೆಗಿದ್ದವನೊಬ್ಬನ ಗೈಡು ನಡುವಿನಲ್ಲೇ ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು, ಅನುದಾನವೂ ಅವರ ಜೊತೆಗೇ ಹೋಯಿತು. ಬೋಧನೆಯ ಕೆಲಸ ಕೊಟ್ಟು ಅವನನ್ನು ಉಳಿಸಿಕೊಂಡದ್ದು ವಿಭಾಗ.

ತೆರಿಗೆಯ ವಿಷಯದಲ್ಲಿ ಭಾರತೀಯ ವಿದ್ಯಾರ್ಥಿಗಳಿಗೊಂದು ವಿಶೇಷ ಅನುಕೂಲವಿದೆ. ಎರಡು ದೇಶಗಳ ತೆರಿಗೆ ಒಪ್ಪಂದದ 21ನೆಯ ವಿಧಿಯ ಪ್ರಕಾರ ನಾವು ಅಲ್ಲಿನ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು, ಬೇರೆ ದೇಶಗಳ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನಕ್ಕೆ ಅದು ಇಲ್ಲ. ಸಾಮಾಜಿಕ ಭದ್ರತೆಯ ಕಡಿತವೂ ಮೊದಲ ಐದು ಕ್ಯಾಲೆಂಡರ್ ವರ್ಷ ಇರುವುದಿಲ್ಲ.

ಡೊಂಬಿವಲಿ ಹುಡುಗಿ

ಅಣ್ಣ, ನೀವು ಬರೆದದ್ದನ್ನು ಓದಿ ಪತ್ರ ತೆಗೆದು ನೋಡಿದೆ. ‘ಶೈಕ್ಷಣಿಕ ವರ್ಷಕ್ಕೆ’ ಎಂದೇ ಇದೆ. ಬೇಸಗೆಯ ಬಗ್ಗೆ ಒಂದಕ್ಷರವೂ ಇಲ್ಲ. ವರ್ಷಗಳ ಖಾತರಿ ಐದು ಎಂದಿದೆ, ‘ತೃಪ್ತಿಕರ ಪ್ರಗತಿ’ಯ ಷರತ್ತಿನೊಡನೆ. ಹೀಗೆಲ್ಲ ಕೇಳಿದರೆ ಅವರು ಬೇಸರಪಟ್ಟುಕೊಳ್ಳುವುದಿಲ್ಲವೇ?

ಚೆಂಬೂರಿಗೆ ಮರಳಿದವನು

ಇಲ್ಲ. ಈ ಹೊತ್ತಿನಲ್ಲಿ ನೀವು ಬೇಕಿರುವುದು ಅವರಿಗೇ. ಗ್ರ್ಯಾಜುಯೇಟ್ ಪ್ರೋಗ್ರಾಂ ಸಂಯೋಜಕರಿಗೆ ಬರೆಯಿರಿ, ಉತ್ತರ ಇಮೇಲಿನಲ್ಲೇ ಬರಲಿ, ದೂರವಾಣಿಯ ಭರವಸೆ ಬೇಡ. ಅಲ್ಲಿ ಓದುತ್ತಿರುವ ಇಬ್ಬರು ಮೂವರು ವಿದ್ಯಾರ್ಥಿಗಳ ಜೊತೆಗೂ ಮಾತಾಡಿ. ಏಪ್ರಿಲ್ 15ರ ಗಡುವಿಗೆ ಮೊದಲೇ ಉತ್ತರ ಕೊಡಿ ಎಂದು ಯಾರಾದರೂ ಒತ್ತಾಯಿಸಿದರೆ, ಅಲ್ಲಿನ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್‌ನ ನಿರ್ಣಯಕ್ಕೆ ಅವರ ವಿಶ್ವವಿದ್ಯಾಲಯ ಸಹಿ ಹಾಕಿದೆಯೇ ಎಂದು ನೋಡಿ. ಹಾಕಿದ್ದರೆ ಧನಸಹಾಯದ ಪತ್ರಕ್ಕೆ ಆ ದಿನದವರೆಗೆ ಕಾಲಾವಕಾಶ ಕೊಡಲೇಬೇಕು. ಸಹಾಯವಿಲ್ಲದ ಎಂ.ಎಸ್. ಪ್ರವೇಶಕ್ಕೆ ಆ ನಿಯಮ ಅನ್ವಯಿಸುವುದಿಲ್ಲ, ಅಲ್ಲಿ ಡೆಪಾಸಿಟ್ ಕಟ್ಟುವ ದಿನಾಂಕ ಬೇರೆಯೇ ಇರಬಹುದು.

ಬೋರಿವಲಿ ಹುಡುಗ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ? ಪಿಎಚ್.ಡಿ.ಗೆ ಸೇರಿ, ಎರಡು ವರ್ಷದಲ್ಲಿ ಎಂ.ಎಸ್. ತೆಗೆದುಕೊಂಡು ಹೊರಬನ್ನಿ. ಬಿಟ್ಟಿಯಾಗಿ ಅಮೆರಿಕದ ಪದವಿ ಸಿಕ್ಕಂತಾಯಿತು. ಬಹಳ ಜನ ಮಾಡುತ್ತಾರೆ.

ಮಾಟುಂಗದ ಮೇಷ್ಟ್ರು

ಬಿಟ್ಟುಬರುವ ಸಂಕಲ್ಪ ಮಾಡಿಕೊಂಡೇ ಸೇರುವುದು ಮೋಸವಾಗುತ್ತದೆ, ಮಗು. ಆ ಸ್ಥಾನಕ್ಕೆ ಇನ್ನೊಬ್ಬರು ಕಾಯುತ್ತಿರುತ್ತಾರೆ.

ಕೋಥ್ರೂಡ್ ಇಂಜಿನಿಯರ್

ಮೇಷ್ಟ್ರೇ, ಆ ಎರಡು ವರ್ಷವೂ ವಾರಕ್ಕೆ 20 ಗಂಟೆ ವಿಶ್ವವಿದ್ಯಾಲಯಕ್ಕೆ ದುಡಿದಿರುತ್ತಾರಲ್ಲವೇ, ಅದು ಬಿಟ್ಟಿ ಹೇಗಾಯಿತು? ಮೋಸವೂ ಹೇಗಾಯಿತು? ಸೇರಿದ ಮೇಲೆ ಸಂಶೋಧನೆ ಒಗ್ಗದಿದ್ದರೆ ಎಂ.ಎಸ್. ಪಡೆದು ಸಾಲವಿಲ್ಲದೆ ಹೊರಬರುವ ಬಾಗಿಲು ತೆರೆದಿದೆ ಎಂಬುದು ಈ ಪತ್ರದ ದೊಡ್ಡ ಗುಣ. ಇನ್ನೊಂದು ಪತ್ರದಲ್ಲಿ ಅಂಥ ಬಾಗಿಲಿಲ್ಲ, ಮೊದಲ ಸೆಮಿಸ್ಟರಿನಲ್ಲೇ ಬೇಡವೆನಿಸಿದರೂ 20 ಲಕ್ಷ ಹೋಗಿರುತ್ತದೆ.

ಕೊಲಾಬಾ ಕಡೆಯಿಂದ

ಅಮೆರಿಕವೇ ಏಕೆ ಎಂದು ಯಾರೂ ಕೇಳಲಿಲ್ಲವಲ್ಲ! ಹೆಸರೋ ಹಣವೋ ಎಂಬ ಈ ಇಕ್ಕಟ್ಟು ನಮ್ಮ ದೇಶದ ವಿಜ್ಞಾನ ಸಂಸ್ಥೆಗಳಲ್ಲಿ ಇಲ್ಲವೇ ಇಲ್ಲ ಎನ್ನಬಹುದು. 1945ರಲ್ಲಿ ಆರಂಭವಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್ಆರ್) ಇರಲಿ, ಪೊವಾಯಿಯ ಐಐಟಿ ಇರಲಿ, ಪುಣೆಯ ಐಸರ್ ಇರಲಿ, ಹೆಸರಿರುವ ಜಾಗದಲ್ಲೇ ಫೆಲೋಶಿಪ್ ಕೂಡ ಇದೆ. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) 2023ರಿಂದ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಸೀನಿಯರ್) 42,000, ಅದರ ಮೇಲೆ ಮನೆ ಬಾಡಿಗೆ ಭತ್ಯೆ. ಪ್ರಧಾನಮಂತ್ರಿ ಫೆಲೋಶಿಪ್ ಸಿಕ್ಕವರಿಗೆ 70,000ದಿಂದ ಆರಂಭ.

ಪಾಷಾಣ್ ಸಂಶೋಧಕಿ

ಆ ಫೆಲೋಶಿಪ್‌ಗಳ ಮೊತ್ತ ಸರಿಯಾಗಿಯೇ ಬರೆದಿದ್ದೀರಿ. ಅದು ಪ್ರತಿ ತಿಂಗಳೂ ಬರುತ್ತದೆ ಎಂದು ಬರೆಯಲಿಲ್ಲ, ಆದ್ದರಿಂದ ನಾನೂ ಆಕ್ಷೇಪಿಸುವುದಿಲ್ಲ. ತಿಂಗಳುಗಟ್ಟಲೆ ಕಾದು ಒಟ್ಟಿಗೆ ಪಡೆದ ಅನುಭವ ನಮ್ಮಲ್ಲಿ ಅನೇಕರಿಗಿದೆ. ಆದರೂ ನಿಮ್ಮ ಮಾತಿನಲ್ಲಿ ಹುರುಳಿದೆ, ಈ ವರ್ಷದ ಗಡುವುಗಳು ಬಹುಪಾಲು ಕಳೆದಿವೆ ಎಂಬುದೊಂದೇ ತೊಡಕು.

ಅಂಧೇರಿ ಕನ್ಸಲ್ಟೆಂಟ್

ಸರಿ, ಸಂಶೋಧನೆಯೇ ಬೇಕೆಂದ ಮೇಲೆ ನನ್ನ ವಾದದ ಅರ್ಧ ಭಾಗವನ್ನು ಪಕ್ಕಕ್ಕಿಡುತ್ತೇನೆ. ಇನ್ನರ್ಧವನ್ನು ಬಿಡುವುದಿಲ್ಲ. ಐದು ವರ್ಷ ಒಂದು ಚಿಕ್ಕ ಊರಿನಲ್ಲಿ ಕುಳಿತವರಿಗೆ ಸಿಗುವ ಪರಿಚಯಗಳೂ ದೊಡ್ಡ ನಗರದಲ್ಲಿ ಸಿಗುವ ಪರಿಚಯಗಳೂ ಒಂದೇ ಅಲ್ಲ.

ಮುಲುಂಡ್ ನಿವೃತ್ತ ಬ್ಯಾಂಕಿನವರು

ಪರಿಚಯಗಳ ಮೇಲೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ ಮಾರಾಯರೇ. ತಮಾಷೆ ಹಾಗಿರಲಿ, ನಿಮ್ಮ ಲೆಕ್ಕ ನಿಂತಿರುವುದು ಓದು ಮುಗಿದೊಡನೆ ಅಲ್ಲೇ ಕೆಲಸ ಸಿಗುತ್ತದೆ ಎಂಬ ಊಹೆಯ ಮೇಲೆ. ವಿಜ್ಞಾನ ವಿಷಯದವರಿಗೆ ಓಪಿಟಿ, ಅಂದರೆ ಓದು ಮುಗಿದ ಮೇಲೆ ಅಲ್ಲಿ ಕೆಲಸ ಮಾಡುವ ಅನುಮತಿ, 12 ತಿಂಗಳು, ಅದರ ಮೇಲೆ 24 ತಿಂಗಳ ವಿಸ್ತರಣೆ ಇದೆ, ಸರಿ. ಆಮೇಲೆ ಎಚ್-1ಬಿ ಎಂಬ ಕೆಲಸದ ವೀಸಾಕ್ಕೆ ಲಾಟರಿ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಹೊರಟಾಗ, ಅಲ್ಲೇ ಓದುತ್ತಿರುವವರಿಗೆ ಅದು ಅನ್ವಯಿಸುವುದಿಲ್ಲ ಎಂಬ ವಿವರಣೆ ಬರಲು ಒಂದು ತಿಂಗಳು ಹಿಡಿಯಿತು. ಆ ಒಂದು ತಿಂಗಳು ಮನೆ ಅಡವಿಟ್ಟ ತಂದೆಯರು ಹೇಗೆ ಕಳೆದರೆಂದು ನನಗೆ ಗೊತ್ತು, ನಮ್ಮ ಸೊಸೈಟಿಯಲ್ಲೇ ಇದ್ದಾರೆ. ಪಿಎಚ್.ಡಿ. ಮಾಡಿ ವಿಶ್ವವಿದ್ಯಾಲಯದಲ್ಲೇ ಕೆಲಸ ಹಿಡಿದರೆ ಲಾಟರಿಯ ಮಿತಿಯೇ ಇಲ್ಲ.

ಠಾಣೆ ಅಮ್ಮ

ಎರಡನೆಯ ಜಾಗಕ್ಕೆ ಹೋಗಲು ಟಿಕೆಟ್ಟು, ವೀಸಾ, ಚಳಿಯ ಬಟ್ಟೆ ಎಲ್ಲದಕ್ಕೂ ಮೊದಲು ಕೈಯಲ್ಲಿ ಹಣ ಬೇಕಲ್ಲ? ಟಾಟಾದವರ ಸ್ಕಾಲರ್‌ಶಿಪ್ ಇದೆಯಂತೆ.

ಮಾಟುಂಗದ ಮೇಷ್ಟ್ರು

ಜೆ. ಎನ್. ಟಾಟಾ ಎಂಡೋಮೆಂಟ್, 1892ರಿಂದ ನಡೆದುಬಂದಿದೆ, ಕಚೇರಿ ಮುಂಬೈಯಲ್ಲೇ ಇದೆ. ತಿಪಟೂರಿನ ರಾಜಾ ರಾಮಣ್ಣ, ಜಯಂತ ನಾರಳೀಕರ್ ಮೊದಲಾದ ವಿಜ್ಞಾನಿಗಳು ಅದರ ನೆರವು ಪಡೆದವರು. ಆದರೆ ಅದು ಲೋನ್ ಸ್ಕಾಲರ್‌ಶಿಪ್, ಮರಳಿ ಕೊಡಬೇಕು. ನಮ್ಮ ಸಮುದಾಯ ಸಂಘಗಳ ವಿದ್ಯಾರ್ಥಿವೇತನವೂ ಇದೆ. ಮೊತ್ತ ಚಿಕ್ಕದಾದರೂ ಇಂಥ ಖರ್ಚಿಗೆ ಒದಗುತ್ತದೆ.

ಡೊಂಬಿವಲಿ ಹುಡುಗಿ

ಎಲ್ಲರಿಗೂ ಒಂದು ಸುದ್ದಿ. ಸಂಯೋಜಕರಿಂದ ಉತ್ತರ ಬಂದಿದೆ. ಮೊದಲ ಎರಡು ಬೇಸಗೆಗಳಿಗೆ ತಲಾ 5,000 ಡಾಲರ್ ಖಾತರಿಯಾಗಿ ಕೊಡುತ್ತಾರೆ, ಆಮೇಲೆ ಬೇಸಗೆ ತರಗತಿಗಳ ಬೋಧನೆ ಅಥವಾ ಗೈಡಿನ ಪ್ರಾಜೆಕ್ಟು. ಇತರ ಶುಲ್ಕ ಸೆಮಿಸ್ಟರಿಗೆ ಸುಮಾರು 900 ಡಾಲರ್, ಅದನ್ನು ನಾನೇ ಕಟ್ಟಬೇಕು. ವಿಮೆಯ ಕಂತನ್ನು ಪೂರ್ತಿ ಅವರೇ ಕಟ್ಟುತ್ತಾರೆ. ಪಿಎಚ್.ಡಿ. ಮುಗಿಸಿದವರ ಪಟ್ಟಿಯನ್ನೂ ಕಳಿಸಿದ್ದಾರೆ. ಅದರಲ್ಲಿ ಪ್ರಾಧ್ಯಾಪಕರಾದವರು ಅರ್ಧಕ್ಕಿಂತ ಕಡಿಮೆ, ಉಳಿದವರು ಔಷಧ ಕಂಪನಿಗಳಲ್ಲಿ, ಸರ್ಕಾರಿ ಅಂಕಿಅಂಶ ಇಲಾಖೆಗಳಲ್ಲಿ ಇದ್ದಾರೆ. ಅಂಧೇರಿ ಸರ್ ಹೇಳಿದ ಜಾಲರಿ ಇಲ್ಲಿಯೂ ಇದೆ ಎಂಬುದು ಕಾಣುತ್ತದೆ.

ನಿನ್ನೆ ರಾತ್ರಿ ಮುಲುಂಡ್ ಅಂಕಲ್ ಅವರ ಲೆಕ್ಕವನ್ನು ಅಪ್ಪನಿಗೆ ಓದಿ ಹೇಳಿದೆ. 98,000 ಎಂದಾಗ ಅವರು ಏನೂ ಮಾತಾಡಲಿಲ್ಲ, ಬೆಳಿಗ್ಗೆ ಕ್ಯಾಂಟೀನಿಗೆ ಹೊರಡುವಾಗ ‘ಹಣ ಕೊಟ್ಟು ಕರೆಯುವವರ ಕಡೆಗೇ ಹೋಗು’ ಎಂದರು. ಸೋದರಮಾವ ಇನ್ನೂ ಒಪ್ಪಿಲ್ಲ. ನಾನು ನಾಳೆ ಒಪ್ಪಿಗೆ ಕಳಿಸುತ್ತೇನೆ.

ಚೆಂಬೂರಿಗೆ ಮರಳಿದವನು

ಅಭಿನಂದನೆಗಳು. ವೀಸಾಕ್ಕಾಗಿ ವಿಶ್ವವಿದ್ಯಾಲಯ ಕಳಿಸುವ ಐ-20 ಪತ್ರ ಬಂದ ಕೂಡಲೇ ವಿದೇಶಿ ವಿದ್ಯಾರ್ಥಿಗಳ ನೋಂದಣಿಯ ಸೆವಿಸ್ ಶುಲ್ಕ 350 ಡಾಲರ್ ಕಟ್ಟಿ, ಮುಂಬೈಯ ಬಿಕೆಸಿಯಲ್ಲಿರುವ ಅಮೆರಿಕದ ದೂತಾವಾಸದಲ್ಲಿ ಸಂದರ್ಶನದ ದಿನ ಹಿಡಿಯಿರಿ. 2025ರಲ್ಲಿ ಮೇ ಕೊನೆಯಿಂದ ಜೂನ್ ನಡುವಿನವರೆಗೆ ಹೊಸ ಸಂದರ್ಶನಗಳನ್ನೇ ನಿಲ್ಲಿಸಿದ್ದರು, ಆದ್ದರಿಂದ ತಡ ಮಾಡಬೇಡಿ. ಸಂದರ್ಶನಕ್ಕೆ ಧನಸಹಾಯದ ಪತ್ರದ ಜೊತೆಗೆ ಈ ಬೇಸಗೆಯ ಇಮೇಲನ್ನೂ ಮುದ್ರಿಸಿಕೊಂಡು ಹೋಗಿ.

ಅಂಧೇರಿ ಕನ್ಸಲ್ಟೆಂಟ್

ಶುಭವಾಗಲಿ. ಸೋದರಮಾವನ ಪಕ್ಷದಲ್ಲಿ ನಾನೂ ಇದ್ದೇನೆಂದು ಅವರಿಗೆ ತಿಳಿಸಿ, ಅವರು ಒಂಟಿಯಲ್ಲ. ಎರಡನೆಯ ಬೇಸಗೆಯಲ್ಲಿ ಇಂಟರ್ನ್‌ಶಿಪ್ ಹುಡುಕುವಾಗ ನನಗೆ ಬರೆಯಿರಿ, ಅರ್ಜಿಯನ್ನು ನೋಡಿಕೊಡುತ್ತೇನೆ.

ಮುಲುಂಡ್ ನಿವೃತ್ತ ಬ್ಯಾಂಕಿನವರು

ಮಗಳೇ, ಟಿಕೆಟ್ಟು, ವೀಸಾ ಮತ್ತು ಮೊದಲ ತಿಂಗಳ ಬಾಡಿಗೆಗೆ ಹಣ ಸಾಲದಿದ್ದರೆ ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಭದ್ರತೆ ಬೇಡ. ತಂದೆಯವರು ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. ಅವರ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್, ನಿಮ್ಮ ಅಂಕಪಟ್ಟಿ, ಪ್ರವೇಶಪತ್ರ ಇಷ್ಟನ್ನು ಒಟ್ಟು ಮಾಡಿಟ್ಟುಕೊಳ್ಳಿ. ಮನೆಯ ಕಾಗದಪತ್ರಗಳನ್ನು ಕಪಾಟಿನಲ್ಲೇ ಬಿಟ್ಟು ಬರಲಿ.